ಕೊಡಗಿನಲ್ಲೇ ಕೂತು ಕಾಮಿಕ್ಸ್ ಬರೆಯೋದು: ‘ಮಳೆ ಲೆಕ್ಕ’ದ ಮೂರನೇ ಪುಸ್ತಕ, ಒಂದು ಒಪ್ಪಂದದ ಕಾಗದ, ನಿಮ್ಮ ಸಲಹೆ ಬೇಕು

ಮಸಿಕುಡಿಕೆ · ಜುಲೈ 20

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಭಾಗಮಂಡಲದ ಕಡೆಯವಳು. ಒಂಬತ್ತು ವರ್ಷದಿಂದ ಕಾಮಿಕ್ಸ್ ಬರೀತಿದ್ದೇನೆ. ಹೊಟ್ಟೆಪಾಡಿಗೆ ಮಕ್ಕಳ ಪುಸ್ತಕಕ್ಕೆ ಚಿತ್ರ, ಅಂಗಡಿ ಬೋರ್ಡು, ಮದುವೆ ಕಾಗದ, ಬಂದದ್ದೆಲ್ಲ ಮಾಡ್ತೇನೆ. ಕಾಮಿಕ್ಸಿಗೆ ಉಳಿಯೋದು ರಾತ್ರಿ ಊಟ ಆದ ಮೇಲಿನ ಎರಡು ಗಂಟೆ, ಅದೂ ಕರೆಂಟಿದ್ರೆ.

‘ಮಳೆ ಲೆಕ್ಕ’ ಓದದವರಿಗೆ ಹೇಳ್ತೇನೆ. ನಮ್ಮ ಅಜ್ಜ ದಿನಾ ಬೆಳಿಗ್ಗೆ ಅಂಗಳದ ಮಳೆಮಾಪಕದಿಂದ ನೀರನ್ನು ಅಳತೆ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ನೋಟ್‌ಬುಕ್ಕಿನಲ್ಲಿ ಇಂಚು ಸೆಂಟಿನ ಲೆಕ್ಕ ಬರೀತಿದ್ರು. ತೋಟದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಇಬ್ಬರು ಎದುರಾದ್ರೆ ‘ನಿಮ್ಮಲ್ಲಿ ಎಷ್ಟು ಸೆಂಟು ಬಂತು’ ಅಂತಲೇ ಮಾತು ಶುರು. ಹೊರಗಿನವರಿಗೆ ತಿಳಿಯಲಿ ಅಂತ: ನೂರು ಸೆಂಟಿಗೆ ಒಂದು ಇಂಚು, ಅಂದ್ರೆ 25.4 ಮಿಲಿಮೀಟರು. ಅಂಕಿಯ ಪಕ್ಕ ಅಜ್ಜ ಒಂದೇ ಒಂದು ಸಾಲು ಬರೀತಿದ್ರು. ‘ಕೆಂಪಿ ಕರು ಹಾಕಿತು.’ ‘ನಾಪೋಕ್ಲು ಬಸ್ಸು ಇಲ್ಲ.’ ‘ಕೊಡೆ ಕಡ್ಡಿ ಮುರಿದದ್ದು.’ ನನ್ನ ಕಾಮಿಕ್ಸಿನ ಒಂದೊಂದು ಪುಟ ಆ ನೋಟ್‌ಬುಕ್ಕಿನ ಒಂದೊಂದು ದಿನ. ಮೇಲೆ ಮಳೆಯ ಅಂಕಿ, ಕೆಳಗೆ ಆ ಸಾಲಿನಿಂದ ಹುಟ್ಟಿದ ಕಥೆ. ಕಡ್ಡಿ ಮುರಿದ ಕೊಡೆ ಹಿಡಿದು ಬಸ್‌ಸ್ಟಾಪಿಗೆ ನಡೆಯೋ ಹುಡುಗಿ ಎಲ್ಲ ಪುಟಗಳಲ್ಲೂ ಬರ್ತಾಳೆ.

ಮೂರನೇ ಪುಸ್ತಕ 2018ಕ್ಕೆ ಬಂದು ನಿಂತಿದೆ. ಅಜ್ಜ ಹೋದ ಮೇಲೆ ಲೆಕ್ಕ ಅಪ್ಪನ ಕೈಗೆ ಬಂದಿತ್ತು. ಕೊಡಗಿನಲ್ಲಿ ಗುಡ್ಡ ಕುಸಿದ ಆ ಆಗಸ್ಟಿನಲ್ಲಿ ನಾಲ್ಕು ದಿನ ಅಪ್ಪ ಏನೂ ಬರೆದಿಲ್ಲ. ಐದನೇ ದಿನ ಅಂಕಿ ಇಲ್ಲ, ‘ಎಲ್ಲರೂ ಇದ್ದೇವೆ’ ಅಂತ ಮಾತ್ರ ಉಂಟು. ಈ ನಾಲ್ಕು ಖಾಲಿ ದಿನಗಳನ್ನು ಹೇಗೆ ಬರೀಲಿ ಅಂತ ಎಂಟು ತಿಂಗಳಿಂದ ಕೂತಿದ್ದೇನೆ.

ಇದರ ಮಧ್ಯೆ ಒಂದು ಕಂಪನಿಯಿಂದ ಕಾಗದ ಬಂತು. ಹೆಸರು ಬೇಡ. ಪ್ರವಾಸಿಗರಿಗೆ ಮಾರೋ ಚೀಲ, ಕಾಫಿ ಕುಡಿಯೋ ಕಪ್ಪು, ಕಾಫಿಪುಡಿ ಪ್ಯಾಕೆಟ್ಟಿನ ಮೇಲೆ ನನ್ನ ಕೊಡೆ ಹುಡುಗಿ ಬೇಕಂತೆ. ಒಂದೇ ಸಲ ದುಡ್ಡು, ನನ್ನ ಎರಡು ವರ್ಷದ ಸಂಪಾದನೆಗಿಂತ ಜಾಸ್ತಿ. ಬದಲಿಗೆ ‘ಪಾತ್ರದ ಸಕಲ ಹಕ್ಕುಗಳು’ ಅವರಿಗೆ. ಮನೆಯಲ್ಲಿ ಛಾವಣಿ ರಿಪೇರಿ ಬಾಕಿ ಉಂಟು, ಹಾಗಾಗಿ ಸುಮ್ಮನೆ ಬೇಡ ಅನ್ನಲಿಕ್ಕೂ ಮನಸ್ಸು ಬರ್ತಿಲ್ಲ.

ಇನ್ನೊಂದು ಮಾತು. ಒಂಬತ್ತು ವರ್ಷದಲ್ಲಿ ಕೊಡಗಿನಲ್ಲಿ ಇದೇ ಕೆಲಸ ಮಾಡೋ ಒಬ್ಬರ ಎದುರು ಕೂತು ಪುಟ ತೋರಿಸಿದ್ದಿಲ್ಲ. ನೀವು ಯಾರಾದ್ರೂ ಇದ್ದೀರಾ?

ಶನಿವಾರಸಂತೆ ಹುಡುಗ · ಜುಲೈ 20

ಅಕ್ಕಾ, ನಾನಿದ್ದೀನಿ! ಎರಡನೇ ಪುಸ್ತಕ ಕುಶಾಲನಗರದಲ್ಲಿ ತಗೊಂಡಿದ್ದೆ. ಬಸ್ಸಿನ ಕಿಟಕಿ ಗಾಜಿನ ಮೇಲೆ ಹುಡುಗಿ ಬೆರಳಲ್ಲಿ ಸೆಂಟು ಬರೆಯೋ ಪುಟ ನೋಡಿ ನಾನೂ ಬರೆಯೋಕೆ ಶುರು ಮಾಡಿದ್ದು.

ನಾನು ಡಿಗ್ರಿ ಎರಡನೇ ವರ್ಷ. ಟ್ಯಾಬಿಲ್ಲ, ಫೋನಲ್ಲೇ ಬರೀತೀನಿ. ನಮ್ಮೂರ ಹತ್ತಿರ ಒಂದು ವೀರಗಲ್ಲಿದೆ. ಅದನ್ನ ಓದೋದು ಕೆಳಗಿಂದ ಮೇಲಕ್ಕೆ ಅಲ್ವಾ: ಕೆಳಗಿನ ಪಟ್ಟಿಯಲ್ಲಿ ಕಾಳಗ, ಮಧ್ಯದಲ್ಲಿ ಅಪ್ಸರೆಯರು ವೀರನನ್ನ ಕರ್ಕೊಂಡು ಹೋಗೋದು, ಮೇಲೆ ಶಿವನ ಸನ್ನಿಧಿ. ಫೋನಲ್ಲಿ ಕಾಮಿಕ್ಸ್ ಓದೋರು ಮೇಲಿಂದ ಕೆಳಕ್ಕೆ ಜಾರಿಸ್ತಾರೆ. ನಾನು ಕೊನೆಯ ಚೌಕದಿಂದ ಶುರುವಾಗಿ ಮೇಲಕ್ಕೆ ಓದೋ ಹಾಗೆ ಒಂದು ಮಾಡಿದೆ. ‘ಉಲ್ಟಾ ಅಪ್‌ಲೋಡ್ ಆಗಿದೆ’ ಅಂತ ಹನ್ನೊಂದು ಜನ ಬರೆದ್ರು. ಆದ್ರೂ ಅದು ಸರಿ ಅಂತಲೇ ನನಗನ್ಸುತ್ತೆ. ಕಲ್ಲಿನ ಮುಂದೆ ನಿಂತವನ ಕಣ್ಣು ಮಣ್ಣಿಂದ ಮೇಲಕ್ಕೇ ಹೋಗೋದು.

ಒಪ್ಪಂದದ ಬಗ್ಗೆ ನನಗೇನೂ ಗೊತ್ತಿಲ್ಲ ಅಕ್ಕ. ಹುಡುಗಿಯನ್ನ ಮಾತ್ರ ಕೊಡ್ಬೇಡಿ.

ಕಾಯ್ದೆ ಪುಸ್ತಕ · ಜುಲೈ 21

ಮೇಡಂ, ಮೊದಲು ಒಂದು ಮಾತು: ಸಹಿ ಹಾಕಬೇಡಿ, ಪೂರ್ತಿ ಕರಡನ್ನು ತರಿಸಿಕೊಳ್ಳಿ. ನಾನು ಮಡಿಕೇರಿಯಲ್ಲಿ ವಕೀಲಿ ಮಾಡುವವನು, ಹೆಚ್ಚಿನದು ಜಮೀನಿನ ವ್ಯಾಜ್ಯ. ಆದರೆ ಹಕ್ಕುಸ್ವಾಮ್ಯ ಕಾಯ್ದೆ 1957ರ 19ನೇ ಕಲಂ ಓದಲು ವಕೀಲರೇ ಆಗಬೇಕಿಲ್ಲ.

ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ನಿಮ್ಮ ಸಹಿ ಇರಬೇಕು. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಕಾಲ, ಎಲ್ಲಿಯವರೆಗೆ, ಪ್ರತಿಫಲ ಎಷ್ಟು ಎಂಬುದೆಲ್ಲ ಅದರಲ್ಲಿ ಬರಬೇಕು. ಕಾಲ ಹೇಳದಿದ್ದರೆ ಐದು ವರ್ಷ ಎಂದೇ ಕಾನೂನು ಎಣಿಸುತ್ತದೆ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ತೆಗೆದುಕೊಂಡ ಹಕ್ಕನ್ನು ಒಂದು ವರ್ಷ ಬಳಸದೆ ಬಿಟ್ಟರೆ, ಒಪ್ಪಂದದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಅದು ಬಿದ್ದುಹೋಗುತ್ತದೆ. ‘ಸಕಲ ಹಕ್ಕುಗಳು’, ‘ಶಾಶ್ವತವಾಗಿ’, ‘ಪ್ರಪಂಚದಾದ್ಯಂತ’ ಎಂದು ತುಂಬಿಸುವುದು ಈ ಬಾಗಿಲುಗಳನ್ನು ಮುಚ್ಚಲಿಕ್ಕೇ.

ಹಕ್ಕು ಮಾರಿದ ಮೇಲೂ ಕೃತಿ ನಿಮ್ಮದು ಎಂದು ಹೇಳಿಕೊಳ್ಳುವ ಹಕ್ಕು, ನಿಮ್ಮ ಮರ್ಯಾದೆಗೆ ಕುಂದು ಬರುವಂತೆ ಅದನ್ನು ತಿರುಚಿದರೆ ತಡೆಯುವ ಹಕ್ಕು 57ನೇ ಕಲಂ ಪ್ರಕಾರ ನಿಮ್ಮಲ್ಲೇ ಉಳಿಯುತ್ತದೆ. ಆದರೆ ಅದನ್ನು ಕೋರ್ಟಿನಲ್ಲಿ ಸಾಧಿಸಲು ಹೊರಟರೆ ನಿಮ್ಮ ಎರಡು ಗಂಟೆಯೂ ಹೋದೀತು.

ಮಾರುವುದೊಂದೇ ದಾರಿಯಲ್ಲ. ಹಕ್ಕನ್ನು ನಿಮ್ಮಲ್ಲೇ ಇಟ್ಟುಕೊಂಡು ಇಂಥ ಸಾಮಾನಿಗೆ, ಇಷ್ಟು ವರ್ಷಕ್ಕೆ ಎಂದು ಪರವಾನಗಿ ಮಾತ್ರ ಕೊಡಬಹುದು. ಎರಡು ವರ್ಷ, ಕಪ್ಪು ಮತ್ತು ಚೀಲ, ಪ್ರತಿ ಹೊಸ ಚಿತ್ರಕ್ಕೂ ನಿಮ್ಮ ಒಪ್ಪಿಗೆ: ಹೀಗೆ ಕೇಳಿ ನೋಡಿ. ನಿಮ್ಮ ಹಕ್ಕು ನಿಮ್ಮ ಜೀವಮಾನ ಮತ್ತು ಆಮೇಲೆ 60 ವರ್ಷ ಬಾಳುವ ಆಸ್ತಿ. ಛಾವಣಿ ಅದಕ್ಕಿಂತ ಮೊದಲು ಇನ್ನೆರಡು ಸಲ ರಿಪೇರಿಗೆ ಬರುತ್ತದೆ.

ರೋಬಸ್ಟ · ಜುಲೈ 21

ನಾನು ಸ್ವಲ್ಪ ಬೇರೆ ಮಾತಾಡ್ತೀನಿ, ತಪ್ಪು ತಿಳ್ಕೋಬೇಡಿ. ನಮ್ಮದು ಅಮ್ಮತ್ತಿ ಹತ್ತಿರ ತೋಟ. ಕಾಫಿ ಹೂ ಅರಳಿಸೋ ಹೂ ಮಳೆ ಕೈಕೊಟ್ಟ ವರ್ಷ ಬ್ಯಾಂಕಿನ ಮುಂದೆ ಕೂತವನು ನಾನು. ದುಡ್ಡು ಬರೋವಾಗ ಬೇಡ ಅಂತ ಇನ್ನೊಬ್ಬರಿಗೆ ಹೇಳೋದು ಸುಲಭ. ಕೊಡೆ ಹುಡುಗಿ ನಾಲ್ಕು ಕಪ್ಪಿನ ಮೇಲೆ ಬಂದ್ರೆ ಏನಾಯ್ತು? ಆ ದುಡ್ಡಲ್ಲಿ ಅಕ್ಕ ಇನ್ನೆರಡು ಪುಸ್ತಕ ಮಾಡ್ಬಹುದಲ್ಲ? ವಕೀಲ್ರು ಹೇಳಿದ ಹಾಗೆ ಎರಡು ವರ್ಷಕ್ಕೆ ಕೊಡಿ, ಆದ್ರೆ ಕೊಡಿ.

ಮಸಿಕುಡಿಕೆ · ಜುಲೈ 22

ರೋಬಸ್ಟ, ನೀವು ಹೇಳೋದನ್ನೇ ಅಪ್ಪನೂ ಹೇಳಿದ್ರು. ತಪ್ಪೇನಿಲ್ಲ. ಕರಡು ಬಂದಿದೆ, ಜೊತೆಗೆ ಅವರ ಕಡೆಯವರು ತಿದ್ದಿದ ಚಿತ್ರವೂ ಬಂದಿದೆ. ಅದನ್ನು ಹೇಳ್ತೇನೆ.

ಕೊಡೆಯ ಮುರಿದ ಕಡ್ಡಿ ಸರಿ ಮಾಡಿದ್ದಾರೆ. ಕಪ್ಪು ಕೊಡೆ ಕೆಂಪಾಗಿದೆ. ಹವಾಯಿ ಚಪ್ಪಲಿ ಹೋಗಿ ಬೂಟು ಬಂದಿದೆ. ಹಿಂದೆ ಮಂಜು, ಒಂದು ಆನೆ, ಕೈಯಲ್ಲಿ ಹಬೆಯಾಡೋ ಕಾಫಿ. ಮಳೆ ಇಲ್ಲ. ಮಳೆಯನ್ನೇ ತೆಗೆದಿದ್ದಾರೆ! ‘ಪ್ರವಾಸಿಗರಿಗೆ ಮಳೆ ಅಂದ್ರೆ ಬುಕಿಂಗ್ ಕ್ಯಾನ್ಸಲ್, ಅದು ಬೇಡ’ ಅಂತ ಫೋನಲ್ಲಿ ಹೇಳಿದ್ರು.

ಆ ಕಡ್ಡಿ ಅಜ್ಜನ ನೋಟ್‌ಬುಕ್ಕಿಂದ ಬಂದದ್ದು. ಮುರಿದ ಕಡ್ಡಿಯ ಕಡೆ ನೀರು ಇಳಿದು ಹುಡುಗಿಯ ಎಡ ಭುಜ ಯಾವಾಗಲೂ ಒದ್ದೆ ಇರ್ತದೆ, ಅದಕ್ಕೇ ಅವಳು ಪುಸ್ತಕದ ಚೀಲವನ್ನು ಬಲಕ್ಕೆ ಹಾಕೋದು, ಅದಕ್ಕೇ ಸ್ವಲ್ಪ ವಾಲಿ ನಡೆಯೋದು. ಕಡ್ಡಿ ಸರಿಯಾದ್ರೆ ಆ ನಡಿಗೆಯೇ ಇಲ್ಲ.

ಕಾಯ್ದೆ ಪುಸ್ತಕ ಸರ್, ನೀವು ಹೇಳಿದ ಹಾಗೆ ಪರವಾನಗಿಯ ಮಾತು ಬರೆದು ಕಳಿಸ್ತೇನೆ. ಒಪ್ಪಿದ್ರೆ ಒಳ್ಳೆಯದು.

ಬೆಂಗಳೂರಲ್ಲಿರೋ ಪೊಣ್ಣ್ · ಜುಲೈ 23

ಅಕ್ಕ, ನಮಸ್ಕಾರ. ಗೋಣಿಕೊಪ್ಪದವಳು, ಈಗ ಆರು ವರ್ಷದಿಂದ ಬೆಂಗಳೂರಲ್ಲಿ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಸ್ಟೋರಿಬೋರ್ಡ್ ಕೆಲಸ.

ಇಲ್ಲಿ ಏನಿದೆ ಅಂತ ಹೇಳ್ತೀನಿ, ನಿಮಗೆ ನಿರ್ಧಾರಕ್ಕೆ ಬೇಕಾಗಬಹುದು. ಕಾಮಿಕ್ ಕಾನ್ 2012ರಲ್ಲಿ ಇಲ್ಲಿಗೆ ಬಂತು, ಈಗ ದೊಡ್ಡ ಜಾತ್ರೆ. ಸ್ವಂತ ಪುಸ್ತಕ ಮಾಡೋರು ಮೂರು ನಾಲ್ಕು ಜನ ಸೇರಿ ಒಂದು ಮೇಜು ಹಂಚಿಕೊಳ್ತಾರೆ. ಟ್ರಿನಿಟಿ ಸರ್ಕಲ್ ಹತ್ತಿರ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ, ಅಲ್ಲಿ ಗೋಡೆ ಮೇಲೆ ಮೂಲ ಚಿತ್ರಗಳನ್ನು ಹತ್ತಿರದಿಂದ ನೋಡೋದೇ ಒಂದು ಪಾಠ. ಭಾನುವಾರ ಪಾರ್ಕಿನಲ್ಲಿ ಸ್ಕೆಚ್ ಮಾಡೋ ಗುಂಪುಗಳಿವೆ. ಹೊಟ್ಟೆಪಾಡಿನ ಕೆಲಸಕ್ಕೂ ಇಲ್ಲಿ ಬರಗಾಲ ಇಲ್ಲ.

ಆದ್ರೆ ನಾನು ಹೋದ ಮೇಜುಗಳಲ್ಲಿ ಕನ್ನಡದ ಕಾಮಿಕ್ಸ್ ಹುಡುಕಿ ಹುಡುಕಿ ಸಿಕ್ಕಿದ್ದು ಬೆರಳೆಣಿಕೆ. ‘ಅಮರ ಚಿತ್ರ ಕಥೆ’ಗಳನ್ನು ದೇಶದ ಮನೆಮನೆಗೆ ಮುಟ್ಟಿಸಿದ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ, 1929ರಲ್ಲಿ. ಅವರ ನಾಡಿನಲ್ಲೇ ನಮ್ಮ ಭಾಷೆಯ ಹೊಸ ಕಾಮಿಕ್ಸ್ ಇಷ್ಟು ಕಡಿಮೆ ಇರೋದು ನನಗೆ ನೋವಿನ ವಿಷಯ. ನಾನು ಇಲ್ಲಿಗೆ ಬಂದ ಮೇಲೆ ಸ್ವಂತದ್ದು ಅಂತ ಒಂದು ಪುಟ ಬರೆದಿಲ್ಲ ಅಕ್ಕ. ದಿನಕ್ಕೆ ಅರವತ್ತು ಚೌಕ ಬರೀತೀನಿ, ಒಂದೂ ನನ್ನದಲ್ಲ.

ನಿಮ್ಮ ಖಾಲಿ ನಾಲ್ಕು ದಿನಕ್ಕೆ: ಚೌಕಗಳನ್ನು ಹಾಕಿ, ಒಳಗೆ ಏನೂ ಬೇಡ. ಗೆರೆ ಮಾತ್ರ. ಐದನೇ ದಿನ ನಿಮ್ಮಪ್ಪನ ಕೈಬರಹ.

ಲೈನ್‌ಮನೆ ಮೇಷ್ಟ್ರು · ಜುಲೈ 24

ಮೇಲಿನ ಸಲಹೆಯನ್ನು ಒಪ್ಪುತ್ತೇನೆ, ಆದರೆ ಬರೆಯುವ ಮೊದಲು ಆ ದಿನಗಳನ್ನು ಅನುಭವಿಸಿದ ನಾಲ್ಕು ಮಂದಿಗೆ ತೋರಿಸಿ. 2018ರಲ್ಲಿ ನಾನು ಒಂದು ಪರಿಹಾರ ಕೇಂದ್ರದಲ್ಲಿ ಕೆಲಸ ಮಾಡಿದೆ. ಮಕ್ಕಂದೂರು, ಮುಕ್ಕೋಡ್ಲು ಕಡೆಯಿಂದ ಬಂದವರು ಕೈಯಲ್ಲಿ ಏನು ಹಿಡಿದು ಬಂದಿದ್ದರು ಎಂಬುದು ಇನ್ನೂ ಕಣ್ಣಿಗೆ ಕಟ್ಟಿದೆ. ಒಬ್ಬರು ಗೋಡೆ ಗಡಿಯಾರ. ಒಬ್ಬರು ಕೋಳಿ. ಆಗ ಫೋಟೋ ತೆಗೆಯಲು ಬಂದವರ ಸಾಲು ದೊಡ್ಡದಿತ್ತು. ತೆಗೆದ ಫೋಟೋವನ್ನು ಅವರಿಗೆ ತಿರುಗಿ ತೋರಿಸಿದವರನ್ನು ನಾನು ಕಾಣಲಿಲ್ಲ.

ನಾನು ಸಿದ್ದಾಪುರದ ಕಡೆ ಶಾಲೆಯಲ್ಲಿ ಕಲಿಸುವವನು. ಹೆಚ್ಚಿನ ಮಕ್ಕಳು ತೋಟದ ಕೆಲಸದವರ ಲೈನ್‌ಮನೆಗಳಿಂದ ಬರುತ್ತಾರೆ. ಮನೆಯಲ್ಲಿ ಯರವ ಭಾಷೆ, ಜೇನುಕುರುಬ ಭಾಷೆ, ತಮಿಳು, ಮಲಯಾಳ, ಶಾಲೆಯಲ್ಲಿ ಕನ್ನಡ. ಪಾಠದ ಪುಸ್ತಕವನ್ನು ತಡವರಿಸಿ ಓದುವ ಮಗು ನಿಮ್ಮ ಮೊದಲ ಪುಸ್ತಕವನ್ನು ಓದುತ್ತದೆ, ಯಾಕೆಂದರೆ ಗೊತ್ತಿಲ್ಲದ ಪದಕ್ಕೆ ಚಿತ್ರ ಕೈಹಿಡಿಯುತ್ತದೆ. ನಮ್ಮ ಕಾಲಕ್ಕೆ ಬಾಲಮಂಗಳ ಪತ್ರಿಕೆಯ ಡಿಂಗ ಮಾಡಿದ ಕೆಲಸ ಅದು. ನನ್ನ ಓದಿನ ಚಟ ಅಲ್ಲಿಂದಲೇ.

ಒಂದು ತಕರಾರು ಇದೆ ಮೇಡಂ. ಎರಡು ಪುಸ್ತಕಗಳಲ್ಲೂ ತೋಟದ ಕೆಲಸದವರು ಹಿಂದಿನ ಸಾಲಿನಲ್ಲೇ ನಿಂತಿದ್ದಾರೆ. ಬೆನ್ನು ಕಾಣುತ್ತದೆ, ಮುಖ ಕಾಣುವುದಿಲ್ಲ. ನಮ್ಮ ಮಕ್ಕಳು ಪುಟ ತಿರುಗಿಸಿ ‘ನಮ್ಮಮ್ಮ ಇದರಲ್ಲಿ ಎಲ್ಲಿ’ ಎಂದು ಕೇಳುತ್ತಾರೆ.

ಮಸಿಕುಡಿಕೆ · ಜುಲೈ 25

ಮೇಷ್ಟ್ರೇ, ನಿಮ್ಮ ಕೊನೆಯ ಮಾತು ಓದಿ ನಿನ್ನೆ ರಾತ್ರಿ ಎರಡೂ ಪುಸ್ತಕ ತೆಗೆದು ನೋಡಿದೆ. ನಿಜ. ಮೂವತ್ತೆರಡು, ಮೂವತ್ತೆರಡು, ಅರವತ್ನಾಲ್ಕು ಪುಟದಲ್ಲಿ ಕೆಲಸದವರ ಮುಖ ಎರಡು ಕಡೆ ಮಾತ್ರ ಉಂಟು. ನಾನು ಬೇಕಂತ ಮಾಡಿದ್ದಲ್ಲ, ಆದ್ರೆ ಮಾಡಿದ್ದೇನೆ.

ಮೂರನೇ ಪುಸ್ತಕ ಜನವರಿಯಿಂದ ಶುರು. ಮಳೆಯ ಅಂಕಿ ಸೊನ್ನೆ, ರೋಬಸ್ಟ ಕಾಫಿ ಕುಯ್ಲು. ಒಂಬತ್ತನೇ ಪುಟದಲ್ಲಿ ಕಾಫಿ ಕುಯ್ಯೋ ಹೆಂಗಸೊಬ್ಬಳು ದೊಡ್ಡದಾಗಿ ಬರ್ತಾಳೆ, ಮುಖ ಕೈ ಎಲ್ಲ. ಅದನ್ನು ನಿಮ್ಮ ಮಕ್ಕಳ ಅಮ್ಮಂದಿರಿಗೆ ತೋರಿಸಬಹುದಾ?

ಅಚ್ಚುಮೊಳೆ · ಜುಲೈ 26

ಮಗಳೇ, ನಾನು ವಿರಾಜಪೇಟೆಯವನು, ಎಪ್ಪತ್ತು ದಾಟಿದೆ. ನಲವತ್ತು ವರ್ಷ ಪ್ರೆಸ್ ನಡೆಸಿ ಈಗ ಬಾಗಿಲು ಹಾಕಿದ್ದೇನೆ. ಮೊಮ್ಮಗಳು ಇದನ್ನೆಲ್ಲ ಓದಿ ಹೇಳಿದಳು, ಅವಳೇ ಟೈಪ್ ಮಾಡ್ತಿದ್ದಾಳೆ.

ನಮ್ಮ ಊರಿನಲ್ಲಿ ಚಿತ್ರ ಅಚ್ಚಾಗ್ತಿದ್ದದ್ದು ಯಾಕೆ ಕಡಿಮೆ ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ಮೊಳೆ ಜೋಡಿಸೋದು ಇಲ್ಲೇ ಆಗ್ತಿತ್ತು, ಚಿತ್ರಕ್ಕೆ ಮಾತ್ರ ಸತುವಿನ ಬ್ಲಾಕ್ ಬೇಕು. ಅದನ್ನು ನಾವು ಮೈಸೂರಿಗೋ ಮಂಗಳೂರಿಗೋ ಬಸ್ಸಲ್ಲಿ ಕಳಿಸಿ ಮಾಡಿಸ್ತಿದ್ದೆವು. ಮಳೆಗಾಲದಲ್ಲಿ ಘಾಟಿ ರಸ್ತೆ ಕೆಟ್ಟರೆ ಬ್ಲಾಕ್ ಬರೋದು ಹಬ್ಬ ಮುಗಿದ ಮೇಲೆ. ಚದರಿಂಚಿನ ಲೆಕ್ಕದಲ್ಲಿ ದುಡ್ಡು. ಹಾಗಾಗಿ ಯಾರೂ ಚಿತ್ರದ ಗೋಜಿಗೆ ಹೋಗ್ತಿರಲಿಲ್ಲ. ಚೆನ್ನಾಗಿ ಬರೀತಿದ್ದ ಹುಡುಗರು ಇದ್ದರು. ಬೋರ್ಡು ಬರೆದು, ದಸರಾ ಮಂಟಪಕ್ಕೆ ಬಣ್ಣ ಹೊಡೆದು, ಅಲ್ಲಿಗೇ ಬಿಟ್ಟರು. ನಿನ್ನ ಹಾಗೆ ಕೂತಲ್ಲೇ ಸ್ಕ್ಯಾನ್ ಮಾಡಿ ಪುಸ್ತಕ ಮಾಡೋ ಕಾಲ ಅವರಿಗೆ ಸಿಗಲಿಲ್ಲ.

ನಿನ್ನ ಎರಡನೇ ಪುಸ್ತಕದಲ್ಲಿ ಮಾತಿನ ಗುಳ್ಳೆಗಳ ಅಕ್ಷರ ಒಂದರ ಮೇಲೊಂದು ಬಿದ್ದಿದೆ. ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿದೆ. ಯಾಕೆ ಹಾಗಾಯ್ತು?

ಮಸಿಕುಡಿಕೆ · ಜುಲೈ 27

ಅಜ್ಜಾ, ಒಂಬತ್ತು ವರ್ಷದಲ್ಲಿ ಇದನ್ನು ಕೇಳಿದ ಮೊದಲನೆಯವರು ನೀವು. ನನಗೆ ಹಗಲಿರುಳು ಕಾಡೋ ವಿಷಯ ಇದೇ, ಸ್ವಲ್ಪ ವಿವರವಾಗಿ ಹೇಳ್ತೇನೆ.

ಇಂಗ್ಲಿಷ್ ಕಾಮಿಕ್ಸಿನಲ್ಲಿ ಗುಳ್ಳೆಯೊಳಗೆ ಬರೀ ದೊಡ್ಡಕ್ಷರ. ಮೇಲೆ ಕೆಳಗೆ ಏನೂ ಚಾಚೋದಿಲ್ಲ, ಸಾಲಿಗೆ ಸಾಲು ಅಂಟಿಸಿದ್ರೂ ನಡೀತದೆ. ನಮ್ಮದರಲ್ಲಿ ತಲೆಕಟ್ಟು, ಗುಡಿಸು ಮೇಲೆ, ಒತ್ತು ಕೆಳಗೆ. ಅದರ ಮೇಲೆ ಆಡುಮಾತು ಬರೆದ್ರೆ ಒತ್ತು ಇನ್ನೂ ಜಾಸ್ತಿ. ‘ಮಾಡುತ್ತೇನೆ’ ಅನ್ನೋದ್ರಲ್ಲಿ ಒಂದೇ ಒತ್ತು. ‘ಮಾಡ್ಕೊಳ್ತಿದ್ದೆ’ ಅಂತ ಬರೆದು ನೋಡಿ, ಕೆಳಗೆ ಮೂರು ನೇತಾಡ್ತವೆ. ಬಾಯಿಯಲ್ಲಿ ಸ್ವರ ನುಂಗಿದಷ್ಟೂ ಕಾಗದದ ಮೇಲೆ ವ್ಯಂಜನ ಒಂದರ ಕೆಳಗೊಂದು ಸೇರ್ತದೆ. ಪುಸ್ತಕದ ಭಾಷೆ ಹಾಕಿದ್ರೆ ಗುಳ್ಳೆ ಚೆಂದ, ಆದ್ರೆ ಭಾಗಮಂಡಲದ ಬಸ್‌ಸ್ಟಾಪಲ್ಲಿ ಯಾರೂ ಹಾಗೆ ಮಾತಾಡೋದಿಲ್ಲ. ಇನ್ನು ನಮ್ಮ ಪದಗಳು ಉದ್ದ. ‘ಬರಬೇಕಾಗಿತ್ತಲ್ಲ’ ಒಂದೇ ಪದ, ಅದನ್ನು ಮಧ್ಯೆ ಮುರಿದ್ರೆ ಓದುವವರು ಎಡವ್ತಾರೆ. ಹಾಗಾಗಿ ಉದ್ದ ನಿಂತ ಗುಳ್ಳೆ ನಮಗೆ ಆಗೋದಿಲ್ಲ, ಅಡ್ಡಕ್ಕೆ ಮಲಗಿದ್ದೇ ಬೇಕು. ಅಂದ್ರೆ ಚೌಕವೂ ಅಗಲ ಆಗಬೇಕು. ಚೌಕ ಅಗಲ ಆದ್ರೆ ಪುಟಕ್ಕೆ ಆರರ ಬದಲು ಐದೇ. ಅಲ್ಲಿಗೆ ಕಥೆಯ ಓಟವೇ ಬದಲಾಗ್ತದೆ. ಭಾಷೆ ಬದಲಾದ್ರೆ ಚಿತ್ರವೂ ಬದಲಾಗ್ತದೆ ಅಂತ ನಾನು ಹೇಳೋದು ಇದಕ್ಕೇ.

ಎರಡನೇ ಪುಸ್ತಕದಲ್ಲಿ ನಾನು ಮಾಡಿದ ತಪ್ಪು: ಫಾಂಟಿನಲ್ಲಿ ಹಾಕಿ ಹಾಗೇ ಪ್ರೆಸ್ಸಿಗೆ ಕಳಿಸಿದೆ. ಅವರ ಕಂಪ್ಯೂಟರಿನಲ್ಲಿ ಹಳೇ ‘ನುಡಿ’ ತಂತ್ರಾಂಶ, ನನ್ನದು ಯೂನಿಕೋಡ್. ಸಾಲಿನ ಅಂತರವೆಲ್ಲ ಕಲಸಿಹೋಯ್ತು. ಈಗ ಅಕ್ಷರವನ್ನು ಗೆರೆಯಾಗಿ ಬದಲಾಯಿಸಿ ಪಿಡಿಎಫ್ ಮಾಡ್ತೇನೆ. ಬಲೂ ತಮ್ಮ ಫಾಂಟು ಉಚಿತ, ದಪ್ಪ, ದುಂಡಗೆ, ಕೂಗುವ ಮಾತಿಗೆ ಚೆನ್ನಾಗಿ ಹೊಂದ್ತದೆ. ಮೆಲ್ಲಗೆ ಹೇಳೋ ಮಾತಿಗೆ ಅದಾಗೋದಿಲ್ಲ. ಮೂರನೇ ಪುಸ್ತಕ ಪೂರ್ತಿ ಕೈಯಲ್ಲೇ ಬರೀತೇನೆ.

ಆಮೇಲೆ ಯಾವ ಭಾಷೆ ಅನ್ನೋದೂ ಉಂಟು. ನಮ್ಮ ಮನೆಮಾತು ಅರೆಭಾಷೆ. ಹುಡುಗಿ ಮನೆಯಲ್ಲಿ ಅರೆಭಾಷೆ, ಬಸ್ಸಲ್ಲಿ ಗೆಳತಿಯ ಜೊತೆ ಕೊಡವ ತಕ್ಕ್, ಶಾಲೆಯಲ್ಲಿ ಕನ್ನಡ ಆಡಬೇಕು. ನಿಜ ಅದೇ. ಆದ್ರೆ ಈವರೆಗೆ ಎಲ್ಲಾ ಕನ್ನಡದಲ್ಲೇ ಬರೆದೆ, ಹೊರಗಿನವರಿಗೆ ತಿಳಿಯೋದಿಲ್ಲ ಅನ್ನೋ ಹೆದರಿಕೆಯಿಂದ.

ಬೆಂಗಳೂರಲ್ಲಿರೋ ಪೊಣ್ಣ್ · ಜುಲೈ 27

ಬರೀರಿ ಅಕ್ಕ! ಕೊಡವ ತಕ್ಕ್ ಗುಳ್ಳೆಗಳನ್ನು ನಾನು ಓದಿ ತಿದ್ದಿಕೊಡ್ತೀನಿ. ನನ್ನ ಇಲ್ಲಿನ ಹೆಸರೇ ನೋಡಿ, ಕೊನೆಯಲ್ಲಿ ಅರ್ಧಕ್ಕೆ ನಿಂತ ಅಕ್ಷರ. ನಮ್ಮ ಮಾತಿನಲ್ಲಿ ಕನ್ನಡ ಲಿಪಿಗೆ ಸಿಗದ ಸ್ವರಗಳಿವೆ, ಬರೆಯೋವಾಗ ಹೇಗೋ ಹೊಂದಿಸ್ಕೊಳ್ತೀವಿ. ಪದದ ಮಧ್ಯೆ ಅರ್ಧಾಕ್ಷರ ಬಂದಾಗ ಕೀಲಿಮಣೆ ಅದನ್ನು ಒತ್ತಾಗಿ ಮಾಡಿಬಿಡ್ತದೆ, ನಡುವೆ ಕಾಣದ ಜೋಡಿಮುರಿಯುವ ಗುರುತು ಹಾಕ್ಬೇಕು. ಕೈಯಲ್ಲಿ ಬರೆದ್ರೆ ಆ ತೊಂದರೆಯೇ ಇಲ್ಲ.

ಅರ್ಥವನ್ನು ಪುಟದ ಬುಡದಲ್ಲಿ ಸಣ್ಣಕ್ಕೆ ಕೊಡಿ. ಅಥವಾ ಕೊಡಲೇಬೇಡಿ. ‘ನಾಡ ಪೆದ’ ಅಂದ್ರೆ ‘ನನ್ನ ಹೆಸರು’ ಅಂತ ಚಿತ್ರ ನೋಡಿದವರಿಗೆ ತಿಳಿಯೋದಿಲ್ವಾ?

ರೋಬಸ್ಟ · ಜುಲೈ 28

ಮೂರು ಭಾಷೆ ಹಾಕಿದ್ರೆ ಕೊಳ್ಳೋರು ಇನ್ನೂ ಕಮ್ಮಿ ಆಗ್ತಾರಲ್ಲ ಅಂತ ಕೇಳೋಣ ಅಂತ ಬಂದೆ. ಅಷ್ಟರಲ್ಲಿ ನಮ್ಮ ತಾಯಿಗೆ ನಿಮ್ಮ ಮೊದಲ ಪುಸ್ತಕ ಓದಿ ಹೇಳ್ತಿದ್ದೆ, ನಮ್ಮ ತಕ್ಕ್‌ನಲ್ಲಿ ತಾಯಿ ಅಂದ್ರೆ ಅಜ್ಜಿ. ಎಂಬತ್ನಾಲ್ಕು ವರ್ಷ. ಗುಳ್ಳೆಯ ಕನ್ನಡವನ್ನು ನಾನು ತಕ್ಕ್‌ನಲ್ಲೇ ತಿರುಗಿಸಿ ಹೇಳ್ತಾ ಇದ್ದೆ, ನನಗೇ ಗೊತ್ತಾಗದ ಹಾಗೆ. ಹಾಗಾಗಿ ಪ್ರಶ್ನೆ ವಾಪಸ್. ಹತ್ತು ಪ್ರತಿ ನನಗೆ ಮುಂಗಡ ಬರ್ಕೊಳ್ಳಿ.

ಮಂಟಪದ ಲೈಟು · ಜುಲೈ 30

ನಾನು ಬರೆಯೋನಲ್ಲ, ಓದೋನು. ಅಚ್ಚುಮೊಳೆ ಅಜ್ಜ ಮಂಟಪದ ಮಾತು ಎತ್ತಿದ್ದಕ್ಕೆ ಬರೀತಿದ್ದೀನಿ. ಮಡಿಕೇರಿ ದಸರಾದಲ್ಲಿ ಹದಿನೈದು ವರ್ಷದಿಂದ ಒಂದು ಮಂಟಪಕ್ಕೆ ಲೈಟು, ಚಲನೆ ಮಾಡೋ ಕೆಲಸ. ಹತ್ತು ದೇವಸ್ಥಾನದ ಹತ್ತು ಮಂಟಪ, ವಿಜಯದಶಮಿ ರಾತ್ರಿ ಬೆಳಗಿನ ತನಕ.

ನಾವೂ ಚೌಕ ಕತ್ತರಿಸೋ ಕೆಲಸವನ್ನೇ ಮಾಡೋದು. ಕೆಲವೇ ನಿಮಿಷದಲ್ಲಿ ರಾಕ್ಷಸನ ಹುಟ್ಟು, ಅಟ್ಟಹಾಸ, ದೇವಿ ಬರೋದು, ಸಂಹಾರ ಎಲ್ಲ ಮುಗೀಬೇಕು. ಜನ ದೂರದಲ್ಲಿ ನಿಂತಿರ್ತಾರೆ, ಮುಂದೆ ತಲೆಗಳು. ಹಾಗಾಗಿ ಒಂದು ಸಲಕ್ಕೆ ಒಂದೇ ಗೊಂಬೆಗೆ ಬೆಳಕು ಬಿಡ್ತೀವಿ, ಉಳಿದದ್ದು ಕತ್ತಲೆ. ಎಲ್ಲಿ ನೋಡ್ಬೇಕು ಅಂತ ಹೇಳೋದೇ ಆ ಬೆಳಕು. ಎಲ್ಲದಕ್ಕೂ ಒಟ್ಟಿಗೆ ಬೆಳಕು ಬಿಟ್ರೆ ಯಾರಿಗೂ 
 ಏನೂ ಕಾಣೋದಿಲ್ಲ.

ಅಕ್ಕಾ, ಖಾಲಿ ಚೌಕ ನಾಲ್ಕೂ ಬಿಳಿ ಬೇಡ. ಆ ದಿನಗಳಲ್ಲಿ ಕರೆಂಟಿತ್ತಾ? ಕಪ್ಪು ಮಾಡಿ.

ಮಸಿಕುಡಿಕೆ · ಆಗಸ್ಟ್ 4

ಮೂರು ದಿನ ಕರೆಂಟಿರಲಿಲ್ಲ, ಟವರೂ ಇರಲಿಲ್ಲ. ಎಲ್ಲ ಒಟ್ಟಿಗೆ ಓದಿದೆ.

ಮಂಟಪದ ಲೈಟು, ನಿಮ್ಮ ಮಾತು ಕೇಳಿ ಕಪ್ಪು ಹಾಕಿ ನೋಡಿದೆ. ನಾಲ್ಕು ಚೌಕ, ಇಂಡಿಯನ್ ಇಂಕು, ಎರಡು ಸಲ ಬಳಿದದ್ದು. ಒಣಗಲಿಲ್ಲ! ಬೆಳಿಗ್ಗೆ ಮುಟ್ಟಿದ್ರೆ ಬೆರಳಿಗೆ ಬಂತು. ಆ ಬೆರಳಚ್ಚು ಎರಡನೇ ಚೌಕದಲ್ಲಿ ಉಳಿದಿದೆ. ತೆಗೆಯೋದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ.

ಇಲ್ಲಿ ಮಳೆಗಾಲದಲ್ಲಿ ಬರೆಯೋರಿಗೆ ಹೇಳ್ತೇನೆ: ಕಾಗದವನ್ನು ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಕಟ್ಟಿಟ್ರೆ ಒಳಗಿನ ತೇವಕ್ಕೇ ಬೂಷ್ಟು ಹಿಡೀತದೆ. ನಮ್ಮಲ್ಲಿ ಒಲೆ ಮೇಲಿನ ಅಟ್ಟದಲ್ಲಿ ಹಳೇ ಬಟ್ಟೆ ಸುತ್ತಿ ಇಡ್ತೇನೆ, ಸ್ವಲ್ಪ ಹೊಗೆ ಬಣ್ಣ ಬರ್ತದೆ, ಬೂಷ್ಟು ಬರೋದಿಲ್ಲ. ಒಲೆ ಇಲ್ಲದವರು ಕಪಾಟಿನಲ್ಲಿ ತೇವ ಹೀರೋ ಸಿಲಿಕಾ ಪೊಟ್ಟಣ ಇಡಿ, ತಿಂಗಳಿಗೊಮ್ಮೆ ಬದಲಾಯಿಸಿ. ಬರೆದ ದಿನವೇ ಸ್ಕ್ಯಾನ್ ಮಾಡಿ.

ನಿನ್ನೆ ಆಟಿ ತಿಂಗಳ ಹದಿನೆಂಟು, ಇಲ್ಲಿ ಮದ್ದು ಸೊಪ್ಪು ತಿನ್ನೋ ದಿನ. ಮದ್ದು ಸೊಪ್ಪಿನ ಪಾಯಸ ಮಾಡಿದ್ರು. ಬೇಯಿಸಿದ ನೀರು ಒಂದು ಲೋಟ ಕೇಳಿ ಇಟ್ಟುಕೊಂಡೆ. ಆ ನೇರಳೆ ಬಣ್ಣ ಯಾವ ಅಂಗಡಿಯ ಇಂಕಿನಲ್ಲೂ ನನಗೆ ಸಿಕ್ಕಿಲ್ಲ. ಕುಂಚದಲ್ಲಿ ಮೊದಲ ಸಲ ಬಳಿದಾಗ ತಿಳಿ ಗುಲಾಬಿ, ಒಣಗಿದ ಮೇಲೆ ಮತ್ತೆ ಬಳಿದ್ರೆ ನೇರಳೆ, ಮೂರನೇ ಸಲಕ್ಕೆ ಸಂಜೆಯ ಬೆಟ್ಟದ ಬಣ್ಣ. ಹೋದ ವರ್ಷ ಬಳಿದದ್ದು ಕಿಟಕಿ ಹತ್ತಿರ ಇಟ್ಟಿದ್ದೆ, ಎರಡು ತಿಂಗಳಲ್ಲಿ ಮಾಸಿ ಕಂದು ಬಣ್ಣ ಆಯ್ತು. ಆಟಿಯ ಪುಟಗಳಿಗೆ ಇದನ್ನೇ ಬಳಸ್ತೇನೆ, ಹಸಿ ಇರೋವಾಗಲೇ ಸ್ಕ್ಯಾನ್ ಮಾಡ್ತೇನೆ. ಮೂಲ ಚಿತ್ರ ಮಾಸಿದ್ರೆ ಮಾಸಲಿ.

ಕಂಪನಿಯವರು ಪರವಾನಗಿ ಮಾತಿಗೆ ಒಪ್ಪಲಿಲ್ಲ. ‘ಸಕಲ ಹಕ್ಕು ಇಲ್ಲದಿದ್ರೆ ಬೇಡ’ ಅಂದ್ರು. ಆಗಲಿ ಅಂತ ಬರೆದೆ. ಅಪ್ಪ ಕೇಳಿದ್ರು, ಹೇಳಿದೆ. ಕಡ್ಡಿ ಸರಿ ಮಾಡಿದ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿ, ‘ಇದು ನಮ್ಮ ಕೊಡೆ ಅಲ್ಲ’ ಅಂದ್ರು. ಛಾವಣಿಗೆ ಸದ್ಯಕ್ಕೆ ಟಾರ್ಪಲ್ ಹಾಕಿದ್ದೇವೆ.

ಕಾಯ್ದೆ ಪುಸ್ತಕ · ಆಗಸ್ಟ್ 5

ನಿಮ್ಮ ತೀರ್ಮಾನಕ್ಕೆ ಗೌರವ. ಕೆಲವು ಉಪಯೋಗದ ಮಾತು: ಐಎಸ್‌ಬಿಎನ್ ಸಂಖ್ಯೆಗೆ ನಮ್ಮ ದೇಶದಲ್ಲಿ ಶುಲ್ಕವಿಲ್ಲ, ನಿಮ್ಮ ಹೆಸರಿನಲ್ಲೇ ಅರ್ಜಿ ಹಾಕಬಹುದು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಅಂಚೆಗೆ 2025ರ ಮೇ 1ರಿಂದ ಪುಸ್ತಕ ಕಳಿಸುವ ಕಡಿಮೆ ದರದ ಸೇವೆ ಜ್ಞಾನ ಪೋಸ್ಟ್ ಬಂದಿದೆ, ಶುರುವಾದಾಗ 300 ಗ್ರಾಂ ತನಕ 20 ರೂಪಾಯಿ ಇತ್ತು, ಮೇಲೆ ತೆರಿಗೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು, ಜಾಹೀರಾತು ಹಾಕಬೇಡಿ. ನಿಮ್ಮ ಅಂಚೆ ಕಚೇರಿಯಲ್ಲಿ ಒಂದು ಪ್ರತಿ ತೋರಿಸಿ ಮೊದಲೇ ಕೇಳಿಕೊಳ್ಳಿ.

ಅಚ್ಚುಮೊಳೆ · ಆಗಸ್ಟ್ 6

ನನ್ನ ಪ್ರೆಸ್ಸಿನ ಹಾಲು ಖಾಲಿ ಬಿದ್ದಿದೆ. ದೊಡ್ಡ ಮೇಜು ಉಂಟು, ಟ್ಯೂಬ್‌ಲೈಟು ಉಂಟು, ಟ್ರೆಡಲ್ ಮೆಷಿನ್ನಿಗೆ ಟಾರ್ಪಲ್ ಹೊದಿಸಿ ಮೂಲೆಗೆ ಸರಿಸಿದ್ದೇನೆ. 24ಕ್ಕೆ ಭಾನುವಾರ. ಎಲ್ಲರೂ ಬನ್ನಿ. ಬಸ್‌ಸ್ಟಾಂಡಿನಿಂದ ನಡೆಯೋ ದಾರಿ, ಬರುವವರಿಗೆ ಮೊಮ್ಮಗಳು ಗುರುತು ಕಳಿಸ್ತಾಳೆ. ಮಧ್ಯಾಹ್ನಕ್ಕೆ ಕಡಂಬುಟ್ಟು ಮಾಡಿಸ್ತೇನೆ.

ಶನಿವಾರಸಂತೆ ಹುಡುಗ · ಆಗಸ್ಟ್ 6

ಬರ್ತೀನಿ ಅಜ್ಜ! ಬೆಳಿಗ್ಗೆ ಆರರ ಬಸ್ಸಿಗೆ ಹೊರಟ್ರೆ ಸೋಮವಾರಪೇಟೆ, ಮಡಿಕೇರಿ ಮೇಲಿಂದ ಬಂದು ಹನ್ನೊಂದಕ್ಕೆ ಮುಟ್ಟಬಹುದು. ವೀರಗಲ್ಲಿನದ್ದು ಪ್ರಿಂಟ್ ತೆಗೆದು ಉದ್ದಕ್ಕೆ ಅಂಟಿಸಿ ತರ್ತೀನಿ, ಗೋಡೆಗೆ ನಿಲ್ಲಿಸಿದ್ರೆ ಕೆಳಗಿಂದ ಓದ್ತಾರೆ.

ಲೈನ್‌ಮನೆ ಮೇಷ್ಟ್ರು · ಆಗಸ್ಟ್ 9

ನಾನು ಬರುತ್ತೇನೆ. ನಮ್ಮ ಶಾಲೆಯ ಒಬ್ಬ ಹುಡುಗಿಯ ತಾಯಿಯೂ ಬರುತ್ತಾರೆ, ಭಾನುವಾರ ಅವರಿಗೆ ರಜೆ. ಒಂಬತ್ತನೇ ಪುಟ ತನ್ನಿ.

ಮಸಿಕುಡಿಕೆ · ಆಗಸ್ಟ್ 26

ಬಂದವರಿಗೆಲ್ಲ ನಮಸ್ಕಾರ. ಬರಲಾಗದವರಿಗೆ ಹೇಳ್ತೇನೆ.

ಒಂಬತ್ತು ಜನ ಸೇರಿದ್ದೆವು. ಬೆಂಗಳೂರಿನ ತಂಗಿ ರಾತ್ರಿ ಬಸ್ಸಿಗೆ ಬಂದಿದ್ಲು, ಆರು ವರ್ಷದ ಮೇಲೆ ಬರೆದ ಸ್ವಂತ ಪುಟ ಒಂದು ಕೈಯಲ್ಲಿತ್ತು. ಶನಿವಾರಸಂತೆ ಹುಡುಗನ ವೀರಗಲ್ಲನ್ನು ಟ್ರೆಡಲ್ ಮೆಷಿನ್ನಿಗೆ ಒರಗಿಸಿ ನಿಲ್ಲಿಸಿದೆವು. ಅಚ್ಚುಮೊಳೆ ಅಜ್ಜ ಕನ್ನಡಕ ಏರಿಸಿ, ಬಗ್ಗಿ, ಬುಡದಿಂದಲೇ ಶುರು ಮಾಡಿದ್ರು. ಹುಡುಗನ ಮುಖ ನೋಡಬೇಕಿತ್ತು. ರೋಬಸ್ಟ ಬಂದದ್ದು ಅವರ ತಾಯಿಯ ಜೊತೆ.

ಮೇಷ್ಟ್ರ ಜೊತೆ ಬಂದ ಅಮ್ಮ ಮೊದಲು ಬಾಗಿಲ ಹತ್ತಿರವೇ ನಿಂತಿದ್ರು. ಮಗಳು ಕೈ ಹಿಡಿದು ಮೇಜಿನ ಹತ್ತಿರ ಕರ್ಕೊಂಡು ಬಂದ್ಲು. ಒಂಬತ್ತನೇ ಪುಟ ಅವರ ಮುಂದೆ ಇಟ್ಟೆ. ಬಹಳ ಹೊತ್ತು ನೋಡಿದ್ರು. ಮುಖ ಪರವಾಗಿಲ್ಲ ಅಂದ್ರು. ಆಮೇಲೆ ಕೈಯ ಮೇಲೆ ಬೆರಳಿಟ್ಟು, ‘ಇದು ಟೀ ಸೊಪ್ಪು ಕೀಳೋ ಕೈ’ ಅಂದ್ರು.

ನಾನು ಎರಡು ಬೆರಳ ತುದಿಯಲ್ಲಿ ಒಂದು ಹಣ್ಣು ಹಿಡಿದ ಹಾಗೆ ಬರೆದಿದ್ದೆ, ಚೆಂದ ಕಾಣ್ಲಿ ಅಂತ. ಅವರು ಮೇಜಿನ ಮೇಲಿದ್ದ ಕೊಡೆಯನ್ನೇ ರೆಂಬೆ ಮಾಡಿಕೊಂಡ್ರು. ಎಡಗೈಯಲ್ಲಿ ಬಗ್ಗಿಸಿ ತನ್ನ ಕಡೆಗೆ ಎಳೆದು, ಬಲಗೈ ಹೆಬ್ಬೆರಳನ್ನು ಗೊಂಚಲಿನ ಹಿಂದೆ ಹಾಕಿ, ಒಳಗಿಂದ ತುದಿಯ ಕಡೆಗೆ ಉರುಳಿಸಿ ತೋರಿಸಿದ್ರು. ‘ಅರೇಬಿಕಾ ಆದ್ರೆ ಹಣ್ಣು ಆರಿಸಿ ಕುಯ್ಯೋದು. ರೋಬಸ್ಟ ಗೊಂಚಲೇ ಉದುರಿಸೋದು. ಸೊಂಟಕ್ಕೆ ಚೀಲ ಎಲ್ಲಿ? ಕೆಳಗೆ ಹಾಸಿದ್ದು ಎಲ್ಲಿ? ಹಣ್ಣೆಲ್ಲ ಮಣ್ಣಿಗೆ ಹೋಯ್ತಲ್ಲ.’ ಪೆನ್ಸಿಲ್ ಕೊಟ್ಟೆ. ಬೇಡ ಬೇಡ ಅಂತ ಹೇಳಿ ಕೊನೆಗೆ ತಗೊಂಡ್ರು. ನನ್ನ ಚಿತ್ರದ ಪಕ್ಕದ ಖಾಲಿ ಜಾಗದಲ್ಲಿ ಒಂದು ಹೆಬ್ಬೆರಳು ಬರೆದ್ರು. ಉಗುರಿನ ಪಕ್ಕ ಒಂದು ಸೀಳು ಗೆರೆ ಎಳೆದು, ‘ಜನವರಿಯಲ್ಲಿ ಇದು ಇರ್ತದೆ’ ಅಂದ್ರು.

ನಾಲ್ಕು ಕಪ್ಪು ಚೌಕಗಳನ್ನೂ ತೋರಿಸಿದೆ. ಅದಕ್ಕೆ ಯಾರೂ ಏನೂ ಹೇಳಲಿಲ್ಲ. ರೋಬಸ್ಟ ಅವರ ತಾಯಿ ಮಾತ್ರ ಎರಡನೇ ಚೌಕದ ಬೆರಳಚ್ಚಿನ ಮೇಲೆ ತಮ್ಮ ಬೆರಳಿಟ್ಟು ನೋಡಿದ್ರು.

ಮುಂದಿನ ಸಲ ತುಲಾ ಸಂಕ್ರಮಣ ಕಳೆದ ಮೇಲೆ, ದಿನ ಇಲ್ಲೇ ಹಾಕ್ತೇನೆ. ಒಂಬತ್ತನೇ ಪುಟ ನಿನ್ನೆ ರಾತ್ರಿ ಮತ್ತೆ ಬರೆದೆ, ಸೊಂಟದ ಚೀಲ, ಕೆಳಗೆ ಹಾಸಿದ್ದು, ಹೆಬ್ಬೆರಳಿನ ಸೀಳು ಎಲ್ಲ ಸೇರಿಸಿ. ಅಟ್ಟದಲ್ಲಿ ಒಣಗ್ತಾ ಉಂಟು. ಮೇಷ್ಟ್ರೇ, ಶನಿವಾರ ಬಸ್ಸಲ್ಲಿ ಕಳಿಸ್ತೇನೆ, ಅವರಿಗೆ ಇನ್ನೊಮ್ಮೆ ತೋರಿಸಿ.